ಯಾರದೂ ಅಲ್ಲದ ನೆಲ

ಕಂದಾಯ ಕಡತಗಳಲ್ಲಿ 'ಪಾಳು' ಎಂಬ ಪದಕ್ಕಿರುವ ಶಕ್ತಿ ಬಹು ದೊಡ್ಡದು. ಹುಲ್ಲು ಬೆಳೆಯುವ, ದನ ಮೇಯುವ, ನೀರು ಇಂಗುವ ನೆಲವನ್ನು ಒಮ್ಮೆ ಹಾಗೆಂದು ಬರೆದುಬಿಟ್ಟರೆ ಸಾಕು. ಮುಂದೆ ಅದನ್ನು ಉಳಬಹುದು, ಅಗೆಯಬಹುದು, ಹಂಚಬಹುದು, ಮಾರಬಹುದು. ಇಂಥ ಒಂದು ಪದ ಇಡೀ ಸೀಮೆಯನ್ನು ಯಾವ ಗತಿಗೆ ತರಬಲ್ಲದೆಂಬುದಕ್ಕೆ ಅಮೆರಿಕದ ಸಿಮರಾನ್ ಕೌಂಟಿಯ ಚರಿತ್ರೆ ಸಾಕ್ಷಿಯಾಗಿದೆ.

ಕೌಂಟಿಯೆಂದರೆ ಹೆಚ್ಚುಕಡಿಮೆ ಒಂದು ಜಿಲ್ಲೆ. ಒಕ್ಲಹೋಮಾ ರಾಜ್ಯದ ಪಶ್ಚಿಮದ ತುತ್ತತುದಿಯಲ್ಲಿರುವ ಸಿಮರಾನ್, ಟೆಕ್ಸಾಸ್, ನ್ಯೂ ಮೆಕ್ಸಿಕೋ, ಕೊಲರಾಡೋ, ಕಾನ್ಸಾಸ್ ಎಂಬ ನಾಲ್ಕು ರಾಜ್ಯಗಳಿಗೆ ತಾಗಿಕೊಂಡಿದೆ. ಗುಲಾಮಗಿರಿಯ ವಿವಾದಕ್ಕೆ ಸಂಬಂಧಿಸಿದ ರಾಜಿಯ ಭಾಗವಾಗಿ 1850ರಲ್ಲಿ ಟೆಕ್ಸಾಸ್ ಈ ಪಟ್ಟಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. 1854ರಲ್ಲಿ ಕಾನ್ಸಾಸ್ ಪ್ರಾಂತ್ಯದ ಗಡಿಯನ್ನು ಇನ್ನೂ ಉತ್ತರಕ್ಕೆ ಎಳೆಯಲಾಯಿತು. ನಡುವೆ ಉಳಿದ ನೆಲ ಯಾವ ಆಡಳಿತಕ್ಕೂ ಸೇರದೆ ಹೋಯಿತು. ಜನ ಅದನ್ನು 'ನೋ ಮ್ಯಾನ್ಸ್ ಲ್ಯಾಂಡ್', ಅಂದರೆ ಯಾರದೂ ಅಲ್ಲದ ನೆಲ, ಎಂದು ಕರೆದರು.

ಕಾಗದದ ಮೇಲೆ ಯಾರದೂ ಅಲ್ಲದ ಆ ನೆಲ ಕೊಮಾಂಚಿ ಮತ್ತು ಕಿಯೋವಾ ಜನರ ಬೇಟೆಯ ಬಯಲಾಗಿತ್ತು. ಬೈಸನ್ ಹಿಂಡುಗಳು ಅಲ್ಲಿ ಮೇಯುತ್ತಿದ್ದವು. ವರ್ಷಕ್ಕೆ 450 ಮಿಲಿಮೀಟರಿನ ಆಸುಪಾಸಿನಲ್ಲಷ್ಟೇ ಮಳೆ ಬೀಳುವ, ಸದಾ ಗಾಳಿ ಬೀಸುವ ಆ ಬಯಲಿನಲ್ಲಿ ಮಣ್ಣನ್ನು ಹಿಡಿದಿಟ್ಟದ್ದು ಬಫೆಲೋ ಗ್ರಾಸ್, ಬ್ಲೂ ಗ್ರಾಮಾ ಎಂಬ ಗಿಡ್ಡ ಹುಲ್ಲುಗಳು. ಬರದಲ್ಲಿ ಇವುಗಳ ಎಲೆ ಒಣಗಿದರೂ ಬೇರಿನ ಹೆಣಿಗೆ ಬಿಡುವುದಿಲ್ಲ. ಮಳೆ ಬಂದೊಡನೆ ಮತ್ತೆ ಚಿಗುರುತ್ತವೆ. 1870ರ ದಶಕದಲ್ಲಿ ಚರ್ಮದ ವ್ಯಾಪಾರಕ್ಕಾಗಿ ಬೈಸನ್‌ಗಳನ್ನು ಕೊಂದು ಮುಗಿಸಲಾಯಿತು. ಸೈನ್ಯ ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಿಗೆ ಅಟ್ಟಿತು. ಬಳಿಕ ದನಗಾಹಿಗಳು ಬಂದರು. ದನಗಳ ಕಾಲದಲ್ಲೂ ಹುಲ್ಲು ಬಹುಮಟ್ಟಿಗೆ ಉಳಿದುಕೊಂಡಿತ್ತು.

1890ರಲ್ಲಿ ಈ ಪಟ್ಟಿಯನ್ನು ಒಕ್ಲಹೋಮಾ ಪ್ರಾಂತ್ಯಕ್ಕೆ ಸೇರಿಸಲಾಯಿತು. ಒಕ್ಕಲು ಹೂಡುವವರಿಗೆ ತಲಾ 160 ಎಕರೆ ಕೊಡುವ ಕಾಯಿದೆ ಇಲ್ಲಿಗೂ ಅನ್ವಯಿಸಿತು. ಮಳೆ ಸಮೃದ್ಧವಾಗಿದ್ದ ಪೂರ್ವದ ಸೀಮೆಗಳ ಅಳತೆಯನ್ನು ಒಣ ಬಯಲಿಗೆ ಹೊಂದಿಸಿದ ಕಾಯಿದೆ ಅದು. 1907ರಲ್ಲಿ ಒಕ್ಲಹೋಮಾ ರಾಜ್ಯವಾದಾಗ ಸಿಮರಾನ್ ಕೌಂಟಿ ಹುಟ್ಟಿತು. ಮರುವರ್ಷ ಅದರ ಮುಖ್ಯ ಪಟ್ಟಣವಾದ ಬಾಯ್ಸಿ ಸಿಟಿಯನ್ನು ಕಟ್ಟಿದವರು ಭೂವ್ಯಾಪಾರಿಗಳು. ಸಾಲುಮರದ ಬೀದಿಗಳು, ಒಳ್ಳೆಯ ಮನೆಗಳು, ಚಿಮ್ಮುವ ಬಾವಿ ಇವೆಯೆಂದು ಕರಪತ್ರ ಹಂಚಿ 3,000 ನಿವೇಶನಗಳನ್ನು ಮಾರಿದರು. ಕೊಂಡವರು ಬಂದು ನೋಡಿದಾಗ ಅಲ್ಲಿದ್ದುದು ಬರಿಯ ಬಯಲು. ಮಾರಿದವರು ಅಂಚೆ ವಂಚನೆಗಾಗಿ ಸೆರೆಮನೆ ಸೇರಿದರು. ಪಟ್ಟಣ ಮಾತ್ರ ಉಳಿಯಿತು.

ಹಾಗೆಂದು ವಂಚಕರನ್ನಷ್ಟೇ ದೂರುವುದು ಸರಿಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿ ಬುಷೆಲ್ಲಿಗೆ 2 ಡಾಲರು ದಾಟಿತು. ಹೆಚ್ಚು ಬೆಳೆಯಿರೆಂದು ಸರ್ಕಾರವೇ ಕರೆಕೊಟ್ಟಿತು. ಬ್ಯಾಂಕುಗಳು ಸಾಲ ಕೊಟ್ಟವು. 1920ರ ದಶಕದ ಮಳೆಯೂ ಕೈಹಿಡಿಯಿತು. ಟ್ರಾಕ್ಟರು ಮತ್ತು ತಟ್ಟೆ ನೇಗಿಲುಗಳು ಸಾವಿರಾರು ವರ್ಷಗಳ ಹುಲ್ಲುಹೊದಿಕೆಯನ್ನು ಮಗುಚಿ ಮೇಲ್ಮಣ್ಣನ್ನು ಹಿಟ್ಟುಮಾಡಿದವು. 1931ರಲ್ಲಿ ಫಸಲು ತುಂಬಿ ಬಂದಿತು, ಬೆಲೆ ಅರ್ಧ ಡಾಲರಿಗೂ ಕೆಳಗಿಳಿಯಿತು. ಸಾಲ ತೀರಿಸಲಾಗದವರು ಉತ್ತ ಹೊಲವನ್ನು ಬಿತ್ತದೆ ಬಿಟ್ಟರು. ಅದರ ಬೆನ್ನಿಗೇ ಬರ ಬಂದಿತು. ಹಿಂದೆಯೂ ಅಲ್ಲಿ ಬರಗಳು ಬಂದಿದ್ದವು. ಈ ಸಲ ಮಣ್ಣಿಗೆ ಹೊದಿಕೆ ಇರಲಿಲ್ಲ.

1935ರ ಏಪ್ರಿಲ್ 14ರ ಭಾನುವಾರ ಕಪ್ಪು ಗೋಡೆಯಂತೆ ಬಂದ ಧೂಳು ಹಗಲನ್ನೇ ಕತ್ತಲಾಗಿಸಿತು. 'ಡಸ್ಟ್ ಬೌಲ್', ಅಂದರೆ ಧೂಳಿನ ಬೋಗುಣಿ, ಎಂಬ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಮರುದಿನವೇ. 1936ರಲ್ಲಿ ಆರ್ಥರ್ ರಾತ್‌ಸ್ಟೈನ್ ಈ ಕೌಂಟಿಯಲ್ಲಿ ತೆಗೆದ ಛಾಯಾಚಿತ್ರ, ಧೂಳಿಗೆ ಎದುರಾಗಿ ಗುಡಿಸಲಿನತ್ತ ಧಾವಿಸುವ ರೈತ ಮತ್ತು ಅವನ ಇಬ್ಬರು ಮಕ್ಕಳದು, ಜಗತ್ತಿಗೆ ಪರಿಚಿತವಾಯಿತು. 1930ರಲ್ಲಿ 5,408 ಇದ್ದ ಜನಸಂಖ್ಯೆ 1940ಕ್ಕೆ 3,654ಕ್ಕೆ ಇಳಿಯಿತು. 2020ರ ಗಣತಿಯಲ್ಲಿ ಅದು 2,296.

ದುರಂತ ಕೆಲವು ಒಳ್ಳೆಯ ಕೆಲಸಗಳಿಗೂ ಕಾರಣವಾಯಿತೆಂಬುದನ್ನು ಮರೆಯಬಾರದು. 1935ರ ಏಪ್ರಿಲ್ 27ರಂದು ಮಣ್ಣಿನ ಸಂರಕ್ಷಣೆಗೆಂದೇ ಅಮೆರಿಕದಲ್ಲಿ ಕಾಯಿದೆ ಬಂದಿತು. ಹ್ಯೂ ಬೆನೆಟ್ ನೇತೃತ್ವದ ಸಂಸ್ಥೆ ಸಮಪಾತಳಿ ಉಳುಮೆ, ಪಟ್ಟಿ ಬೇಸಾಯ, ಕೂಳೆ ಉಳಿಸುವ ಕ್ರಮಗಳನ್ನು ರೈತರಿಗೆ ಕಲಿಸಿತು. ಕೆಟ್ಟ ಹೊಲಗಳನ್ನು ಸರ್ಕಾರವೇ ಕೊಂಡು ಮತ್ತೆ ಹುಲ್ಲು ಬಿತ್ತಿತು. ಹಾಗೆ ಕೊಂಡ ನೆಲದ ಒಂದು ಭಾಗ ಈಗ ರೀಟಾ ಬ್ಲಾಂಕಾ ರಾಷ್ಟ್ರೀಯ ಹುಲ್ಲುಗಾವಲಾಗಿ ಟೆಕ್ಸಾಸಿನಿಂದ ಸಿಮರಾನ್‌ವರೆಗೆ ಹಬ್ಬಿದೆ. ಉಳುಮೆಗೆ ಕೆಲವು ವರ್ಷ ಸಾಕಾಗಿತ್ತು. ಹುಲ್ಲು ಮರಳಲು ದಶಕಗಳು ಬೇಕಾದವು.

ಪಾಠ ಪೂರ್ತಿಯಾಗಿ ಮನಸ್ಸಿಗಿಳಿಯಿತೆನ್ನಲಾಗದು. ಎರಡನೆಯ ಮಹಾಯುದ್ಧದ ನಂತರ ಆಳದ ಪಂಪುಗಳು ಒಗಲ್ಲಾಲಾ ಜಲಸ್ತರದ ನೀರನ್ನು ಮೇಲೆತ್ತತೊಡಗಿದವು. ಮಳೆಯಿಂದ ಮರುಪೂರಣವಾಗುವುದಕ್ಕಿಂತ ಹೆಚ್ಚು ನೀರನ್ನು ತೆಗೆಯುತ್ತಿರುವುದರಿಂದ ಆ ಬಯಲಿನ ಬಹುಭಾಗದಲ್ಲಿ ಮಟ್ಟ ಕುಸಿಯುತ್ತಲೇ ಇದೆ. ಮಣ್ಣಿನ ಮೇಲೆ ಮಾಡಿದ ಸಾಲದ ಜಾಗವನ್ನು ನೀರಿನ ಮೇಲಿನ ಸಾಲ ಹಿಡಿದಿದೆ.

ಮಲೆನಾಡಿನ ಮಳೆ ಬೇರೆ, ಮಣ್ಣು ಬೇರೆ. ಇಲ್ಲಿ ಮಣ್ಣು ಹೋಗುವುದು ಗಾಳಿಯಲ್ಲಲ್ಲ, ಹೊಳೆಯಲ್ಲಿ. ಆದರೆ ಪದದ ಆಟ ಒಂದೇ. ಬೇಣ, ಗೋಮಾಳ, ಗುಡ್ಡದ ನೆತ್ತಿಯ ಹುಲ್ಲುಗಾವಲುಗಳು ಪಾಳೆನಿಸಿಕೊಂಡು ಅಕೇಶಿಯಾ, ನೀಲಗಿರಿ ನೆಡುತೋಪುಗಳಾದ ಚರಿತ್ರೆ ದೂರದ್ದಲ್ಲ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದಾಗ ಎತ್ತಿದ ಪ್ರಶ್ನೆಯೂ ಇದೇ: ಈ ನೆಲ ಪಾಳೆಂದು ಹೇಳಿದವರಾರು?

ಆ ಪ್ರಶ್ನೆಯನ್ನು ಪ್ರತಿ ಗ್ರಾಮಸಭೆಯಲ್ಲೂ ಕೇಳಬೇಕಾಗಿದೆ. ಯಾವುದೇ ಹುಲ್ಲುಗುಡ್ಡವನ್ನು ಬೇರೆ ಬಳಕೆಗೆ ಕೊಡುವ ಮುನ್ನ ಅಲ್ಲಿ ಯಾರ ದನ ಮೇಯುತ್ತದೆ, ಯಾವ ಊರಿನ ಬಾವಿಗೆ ಅದರ ನೀರು ಇಳಿಯುತ್ತದೆ, ಯಾವ ಬೇರು ಆ ಮಣ್ಣನ್ನು ಹಿಡಿದಿದೆ ಎಂಬುದು ಊರವರ ಸಮ್ಮುಖದಲ್ಲಿ ದಾಖಲಾಗಲಿ. ಸಿಮರಾನಿನಲ್ಲಿ ಈ ಲೆಕ್ಕ ಬರೆದದ್ದು ಮಣ್ಣು ಹಾರಿಹೋದ ಮೇಲೆ.