ಬಿಟ್ಟಿ ಚಾಕರಿಗೆ ಬ್ಯಾಡ್ಜು ಕೊಟ್ಟವರಾರು?

1961ರಲ್ಲಿ ಅಮೆರಿಕದ ಪೀಸ್ ಕೋರ್, 1969ರಲ್ಲಿ ಗಾಂಧಿ ಶತಮಾನೋತ್ಸವದ ಹೆಸರಲ್ಲಿ ನಮ್ಮ ರಾಷ್ಟ್ರೀಯ ಸೇವಾ ಯೋಜನೆ. 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳಿಂದ ಶುರುವಾದ ಈ 'ಸೇವೆ' ಇವತ್ತು ಲಕ್ಷಗಟ್ಟಲೆ ಬೆಳೆದಿದೆ. ಬೆಳೀಲಿ.

ಆದರೆ ಗೆಳೆಯರೇ, ಅದರ ಘೋಷವಾಕ್ಯ ನೋಡಿ: 'ನನಗಲ್ಲ, ನಿನಗೆ'. ಇದನ್ನು ನಮ್ಮ ತಾತಂದಿರು ಗೌಡರ ಹೊಲದಾಗೆ ಹುಟ್ಟಿನಿಂದ ಸಾಯೋತನಕ ಪಾಲಿಸಿದರು. ಆ ಜೀತ ರದ್ದು ಮಾಡೋಕೆ 1976ರ ಕಾನೂನೇ ಬರಬೇಕಾಯ್ತು. ಅವರಿಗೆ ಸರ್ಟಿಫಿಕೇಟು ಇಲ್ಲ; ಎರಡು ವರ್ಷಕ್ಕೆ 240 ಗಂಟೆ ದುಡಿದವನಿಗೆ ಉಂಟು!

ಏಳು ದಿನದ ಶಿಬಿರದವರು ನಮ್ಮ ಕೇರಿಯ ಚರಂಡಿ ಬಳಿದು ಫೋಟೋ ಹೊಡೆಸಿಕೊಂಡು ಹೋದರು. ಎಂಟನೇ ದಿನ ಅದೇ ಚರಂಡಿಗೆ ಇಳಿದವರು ನಾವೇ. ನಮಗೆ ಬಿಡದ ಊರ ಬಾವಿಯ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ.

ಸ್ವಾಮೀ ಸ್ವಯಂಸೇವಕರೇ, ಮುಂದಿನ ಸಲ ಪೊರಕೆ ಬಿಟ್ಟು ಬನ್ನಿ. ಗೌಡನ ಜಗಲಿ ಹತ್ತಿ ನಮ್ಮ ಕೂಲಿಯ ಲೆಕ್ಕ ಕೇಳೋಣ.