ರಾಜಿ ಎಂದರೆ ಬಾಯಿ ಮುಚ್ಚಿಸುವುದಲ್ಲ

ತುಮಕೂರಿನ ಶಿರಾ ಗೇಟಿನಲ್ಲಿ ಆಟೋವೊಂದು ಹಣ್ಣಿನ ತಳ್ಳುಗಾಡಿಗೆ ಗುದ್ದಿತು ಎಂದಿಟ್ಟುಕೊಳ್ಳಿ. ಹಣ್ಣೆಲ್ಲ ಮಣ್ಣುಪಾಲು. ಜನ ಸೇರುತ್ತಾರೆ. ಹಿರಿಯರೊಬ್ಬರು ಮುಂದೆ ಬಂದು, ‘ಆಗಿದ್ದು ಆಗ್ಹೋಯ್ತು, ರಾಜಿ ಮಾಡ್ಕೊಳ್ರಪ್ಪಾ’ ಎನ್ನುತ್ತಾರೆ. ಆಟೋ ಹೊರಡುತ್ತದೆ, ಜನ ಚದುರುತ್ತಾರೆ. ನಷ್ಟ ಮಾತ್ರ ಗಾಡಿಯವನದು. ಆ ಹಿರಿಯರನ್ನು ನಾವು ‘ಸಂಧಾನಕಾರರು’ ಎಂದು ಹೊಗಳುತ್ತೇವೆ. ಇದು ಸರಿಯೇ?

‘ರಾಜಿ’ ಎಂಬ ಪದವನ್ನೇ ನೋಡೋಣ. ಅರಬಿಯಲ್ಲಿ ಅದರ ಅರ್ಥ ಮನಸಾರೆ ಒಪ್ಪಿದವನು, ತೃಪ್ತನಾದವನು. ಪಾರ್ಸಿ ಬಳಸುತ್ತಿದ್ದ ಆಡಳಿತದ ಮೂಲಕ ಅರ್ಜಿ, ತಕರಾರು, ವಕೀಲ ಮುಂತಾದವುಗಳ ಜೊತೆ ಅದೂ ಕನ್ನಡಕ್ಕೆ ಬಂತು. ಶಿರಾ ಗೇಟಿನ ರಸ್ತೆ ಮುಟ್ಟುವ ಶಿರಾ ಕೂಡ 1687ರಿಂದ ಮೊಘಲ್ ಪ್ರಾಂತ್ಯವೊಂದರ ಕೇಂದ್ರವಾಗಿತ್ತು. ‘ರಾಜೀನಾಮೆ’ ಎಂದರೆ ಮೂಲದಲ್ಲಿ ಒಪ್ಪಿಗೆ ಪತ್ರ. ನಮ್ಮಲ್ಲಿ ಅದು ಹುದ್ದೆ ಬಿಡುವ ಪತ್ರವಾಯಿತು. ‘ರಾಜಿಯಾದ’ ಎಂದರೆ ಬಾಗಿದ ಎಂದಾಯಿತು. ಒಪ್ಪುವುದೆಂದರೆ ಬಿಟ್ಟುಕೊಡುವುದು ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಅದರಲ್ಲೂ ಬಿಟ್ಟುಕೊಡಬೇಕಾದವನು ಸದಾ ಬಡವ.

‘ಸಂಧಾನ’ ಎಂದರೆ ಜೋಡಿಸುವುದು. ಯಕ್ಷಗಾನದಲ್ಲಿ ‘ಕೃಷ್ಣಸಂಧಾನ’ ನೋಡಿದವರಿಗೆ ಗೊತ್ತು. ಕೌರವರ ಸಭೆಗೆ ಹೋದ ಕೃಷ್ಣ ಐದು ಊರುಗಳನ್ನಾದರೂ ಕೊಡಿ ಎಂದು ಕೇಳಿದನೇ ಹೊರತು, ಪಾಂಡವರು ತೆಪ್ಪಗಿರಲಿ ಎನ್ನಲಿಲ್ಲ.

ಅರಬಿಯಲ್ಲಿ ಸಂಧಾನಕಾರನಿಗೆ ‘ಮುಸ್ಲಿಹ್’ ಎನ್ನುತ್ತಾರೆ. ‘ಮುಸ್ಲಿಮ್’ ಬೇರೆ ಧಾತುವಿನ ಪದ. ಮುಸ್ಲಿಹ್ ಎಂದರೆ ಕೆಟ್ಟದ್ದನ್ನು ಸರಿಪಡಿಸುವವನು. ಎರಡು ಗುಂಪುಗಳು ಕಾದಾಡಿದರೆ ಸಂಧಿ ಮಾಡಿಸಬೇಕೆಂದು ಕುರ್‌ಆನಿನ 49ನೇ ಅಧ್ಯಾಯ ಹೇಳುತ್ತದೆ. ಆದರೆ ಅತಿಕ್ರಮಿಸಿದವರನ್ನು ಮೊದಲು ತಡೆಯಬೇಕು, ಆಮೇಲಿನ ಸಂಧಿ ನ್ಯಾಯದಿಂದಿರಬೇಕು ಎಂದೂ ಅಲ್ಲೇ ಹೇಳಿದೆ. ಗಂಡ ಹೆಂಡಿರ ಜಗಳಕ್ಕೆ ಗಂಡನ ಕಡೆಯ ಒಬ್ಬರು, ಹೆಂಡತಿಯ ಕಡೆಯ ಒಬ್ಬರು ಕೂರಬೇಕೆಂಬುದು 4ನೇ ಅಧ್ಯಾಯದ ಮಾತು.

ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ನಡೆಯುವುದೇನು? ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ‘ಸಬರ್ ಮಾಡಮ್ಮಾ’ ಎಂಬ ಉಪದೇಶ. ಅವಳ ಮಾತು ಕೇಳುವ ಮೊದಲೇ ಕಾಗದ ಸಿದ್ಧ. ಹೊಡೆದವನಿಗೆ ಒಂದು ಪ್ರಶ್ನೆಯೂ ಇಲ್ಲ. ಹಬ್ಬದ ಮುಂಚಿನ ಶಾಂತಿಸಭೆಗಳೂ ಬಹಳ ಭಿನ್ನವಲ್ಲ. ಅದೇ ಮುಖಂಡರು, ಅದೇ ಕೈಕುಲುಕು, ಮರುದಿನ ಪತ್ರಿಕೆಯಲ್ಲಿ ಫೋಟೋ. ಕಳೆದ ಸಲ ಅಂಗಡಿ ಕಳೆದುಕೊಂಡವನಿಗೆ ಅಲ್ಲಿ ಕುರ್ಚಿಯಿಲ್ಲ.

ಮಧ್ಯಸ್ಥರು ಯಾರ ಮೇಲೂ ಒಪ್ಪಂದ ಹೇರುವಂತಿಲ್ಲ ಎಂದು 2023ರ ಮಧ್ಯಸ್ಥಿಕೆ ಕಾಯ್ದೆಯೂ ಹೇಳುತ್ತದೆ. ಹೇರಿದ ಒಪ್ಪಂದದಿಂದ ಜಗಳ ಮುಗಿಯುವುದಿಲ್ಲ. ಅದು ಮನಸ್ಸಿನೊಳಗೆ ಹೊಗೆಯಾಡುತ್ತಿರುತ್ತದೆ.

ಜಗಳ ಬಿಡಿಸುವುದು ದೊಡ್ಡ ಕೆಲಸ, ನಿಜ. ಅದಕ್ಕೆ ಮುಂದೆ ಬರುವವರನ್ನು ನಾವು ಹಳಿಯುತ್ತಿಲ್ಲ. ಬಿಡಿಸಿದ ಮೇಲೆ ಇನ್ನೊಂದು ಹೆಜ್ಜೆ ಇಡಿ ಎಂದಷ್ಟೇ ಕೇಳುತ್ತಿದ್ದೇವೆ. ಚೆಲ್ಲಿದ ಹಣ್ಣಿನ ಬೆಲೆಯನ್ನು ಗಾಡಿಯವನ ಕೈಗೆ ಕೊಡಿಸಲಿ. ಆಮೇಲೆ ಆ ಹಿರಿಯರನ್ನು ಸಂಧಾನಕಾರರು ಎಂದು ಮನಸಾರೆ ಕರೆಯೋಣ.