ಚಿತ್ರದ ಬೆನ್ನಿನ ಬರಹ

ಯಾತ್ರೆಯಿಂದ ಮರಳಿದವರು ತಾವು ತೆಗೆದ ಚಿತ್ರಗಳನ್ನು ನಾಲ್ವರಿಗೆ ತೋರಿಸದೆ ಇರಲಾರರು. ನೋಡಿದ ನಾಲ್ವರೂ ‘ಬಹು ಸೊಗಸಾಗಿದೆ’ ಎನ್ನದೆ ಇರಲಾರರು. ಇದು ಲೋಕರೂಢಿ. ಮನೆಗೆ ಬಂದವರಿಗೆ ಕಾಫಿ ಕೊಟ್ಟಂತೆ ಇದೂ ಒಂದು ಮರ್ಯಾದೆ. ಇದರಿಂದ ಯಾರಿಗೂ ಕೆಡುಕಿಲ್ಲ. ಆದರೆ ಕ್ಯಾಮರಾವನ್ನು ಹವ್ಯಾಸವಾಗಿ ಹಿಡಿದವರು, ಅದರಲ್ಲಿಯೂ ದೇವಾಲಯ, ಕೋಟೆ, ಹಳೆಯ ಮನೆ ಮುಂತಾದ ಕಟ್ಟಡಗಳ ಚಿತ್ರ ತೆಗೆಯತಕ್ಕವರು, ತಮ್ಮತಮ್ಮಲ್ಲಿ ಕೂಡಿದಾಗಲೂ ಈ ಮರ್ಯಾದೆಯಲ್ಲಿಯೇ ನಿಂತುಬಿಟ್ಟರೆ ಆ ಕೂಟದ ಪ್ರಯೋಜನ ಅರ್ಧಕ್ಕರ್ಧ ನಷ್ಟವಾದಂತೆಯೇ ಸರಿ. ಈ ತಿಂಗಳು ನಾವು ಪ್ರಸ್ತಾಪಿಸಬೇಕೆಂದಿರುವುದು ಈ ವಿಷಯವನ್ನೇ.

ಚಿತ್ರಗಳನ್ನು ಹಂಚಿಕೊಂಡು ಚರ್ಚಿಸುವ ಪದ್ಧತಿ ಇಂದುನಿನ್ನೆಯದಲ್ಲ. ಫೋಟೋಗ್ರಾಫಿಯ ವಿದ್ಯೆ ಲೋಕಕ್ಕೆ ಪ್ರಕಟವಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ, 1854ರಲ್ಲಿ ಮುಂಬಯಿಯಲ್ಲಿಯೂ 1856ರಲ್ಲಿ ಕಲ್ಕತ್ತೆ ಮತ್ತು ಮದರಾಸುಗಳಲ್ಲಿಯೂ ಛಾಯಾಚಿತ್ರ ಸಂಘಗಳು ಸ್ಥಾಪಿತವಾದವು. ಇಂಗ್ಲೆಂಡಿನ ಹವ್ಯಾಸಿಗಳು ಮುಂದೆ ಇನ್ನೊಂದು ಸೊಗಸಾದ ಏರ್ಪಾಡನ್ನು ಮಾಡಿಕೊಂಡರು. ಚಿತ್ರಗಳಿರುವ ಪೆಟ್ಟಿಗೆಯೊಂದು ಅಂಚೆಯ ಮೂಲಕ ಸದಸ್ಯನಿಂದ ಸದಸ್ಯನಿಗೆ ಸುತ್ತುತ್ತ ಹೋಗುವುದು. ಅದು ತನ್ನ ಮನೆಗೆ ಬಂದಾಗ ಪ್ರತಿಯೊಬ್ಬನೂ ಉಳಿದವರ ಚಿತ್ರಗಳನ್ನು ನಿಧಾನವಾಗಿ ನೋಡಿ ತನ್ನ ಅಭಿಪ್ರಾಯವನ್ನು ಬರೆದಿಟ್ಟು, ತನ್ನ ಹಳೆಯ ಚಿತ್ರವನ್ನು ಇತರರ ಟೀಕೆಗಳ ಸಹಿತ ಹೊರತೆಗೆದುಕೊಂಡು, ಹೊಸದೊಂದನ್ನು ಇರಿಸಿ ಮುಂದಿನವನಿಗೆ ರವಾನಿಸುವನು. ಎದುರು ಮುಖ ನೋಡಿ ಆಡಲು ಸಂಕೋಚವಾಗುವ ಮಾತನ್ನು ಲೇಖನಿ ಧೈರ್ಯವಾಗಿ ಬರೆಯುವುದಷ್ಟೆ. ನಮ್ಮ ಬೆಂಗಳೂರಿನಲ್ಲಿಯೂ 1971ರಲ್ಲಿ ಯೂತ್ ಫೋಟೋಗ್ರಫಿಕ್ ಸೊಸೈಟಿ ಹುಟ್ಟಿತು. ಈಗಲಾದರೋ ಕೈಯಲ್ಲಿರುವ ಫೋನೇ ಪೆಟ್ಟಿಗೆ, ಫೋನೇ ಅಂಚೆ; ಟೀಕೆಯ ಸ್ಥಾನವನ್ನು ಹೆಬ್ಬೆರಳಿನ ಗುರುತೊಂದು ಆಕ್ರಮಿಸಿಕೊಂಡಿದೆ.

ಹಾಗಾದರೆ ಕಟ್ಟಡದ ಚಿತ್ರವನ್ನು ಕುರಿತು ಕೇಳಬೇಕಾದ ಪ್ರಶ್ನೆ ಯಾವುದು? ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಐವತ್ತು ರೂಪಾಯಿಯ ನೋಟು ಎಲ್ಲರ ಮನೆಯಲ್ಲಿಯೂ ಇರುವುದಷ್ಟೆ. 2017ರಲ್ಲಿ ಹೊರಬಂದ ನೀಲಿ ನೋಟಿನ ಹಿಂಬದಿಯನ್ನು ನೋಡಿರಿ. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥ ಅಲ್ಲಿದೆ. ಇಂದು ಹಂಪೆಗೆ ಹೋದವರಿಗೂ ರಥ ಹೀಗೆಯೇ, ಮೇಲೆ ಗೋಪುರವಿಲ್ಲದೆ, ಕಾಣುವುದು. ಆದರೆ 1856ರಲ್ಲಿ ಅಲೆಗ್ಜಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯೊಬ್ಬನು ದೊಡ್ಡ ಕ್ಯಾಮರಾವನ್ನು ಹೊರಿಸಿಕೊಂಡು ಹಂಪೆಗೆ ಹೋಗಿ, ಮೇಣ ಹಚ್ಚಿದ ಕಾಗದದ ನೆಗೆಟಿವುಗಳ ಮೇಲೆ ಅಲ್ಲಿಯ ಕಟ್ಟಡಗಳ ಚಿತ್ರಗಳನ್ನು ಹಿಡಿದನು. ಅವುಗಳಲ್ಲಿ ಈ ರಥದ ಚಿತ್ರವೂ ಒಂದು. ಅದರಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಮುಂದೆ ಆ ಶಿಖರ ಅಲ್ಲಿ ಉಳಿಯಲಿಲ್ಲ. ಅದು ಹೇಗಿತ್ತೆಂಬುದನ್ನು ಇಂದು ನಾವು ಕಣ್ಣಾರೆ ಕಾಣುವುದು ಈ ಚಿತ್ರದ ದೆಸೆಯಿಂದ.

ಗ್ರೀನ್‌ಲಾ ಚಕ್ರದ ಕೆತ್ತನೆಗೆ ಮರುಳಾಗಿ ಚಕ್ರವನ್ನು ಮಾತ್ರ ತೆಗೆದುಕೊಂಡು ಹೋಗಿದ್ದರೆ? ಚಿತ್ರ ಚೆಲುವಾಗಿರುತ್ತಿತ್ತು, ಶಿಖರ ನಮ್ಮ ಪಾಲಿಗೆ ಇರುತ್ತಿರಲಿಲ್ಲ. ಆತ ರಥವನ್ನು ಬುಡದಿಂದ ತುದಿಯವರೆಗೆ ಹಿಡಿದುದು ಒಂದು ಪುಣ್ಯ. ಚಿತ್ರಕ್ಕೆ ಕಾಲ ಸ್ಥಳಗಳು ಅಂಟಿಕೊಂಡೇ ಉಳಿದುದು ಇನ್ನೊಂದು ಪುಣ್ಯ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಚಿತ್ರಕಾರರು ಆ ಹಳೆಯ ಚಿತ್ರಗಳನ್ನು ಇಟ್ಟುಕೊಂಡು ಅವೇ ಜಾಗಗಳಲ್ಲಿ ನಿಂತು ಪುನಃ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವಾಗ ಯಾವ ಗೋಡೆ ಬಿದ್ದಿದೆ, ಯಾವುದು ರಿಪೇರಿಯಾಗಿದೆ ಎಂಬುದನ್ನು ಮಕ್ಕಳೂ ಹೇಳಬಲ್ಲರು. ನಮ್ಮ ಅಭಿಪ್ರಾಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಇಬ್ಬರು ಛಾಯಾಚಿತ್ರಕಾರರು ನಡೆಸಬಹುದಾದ ಚರ್ಚೆಗೆ ಇದಕ್ಕಿಂತ ಮೇಲಾದುದಿಲ್ಲ.

ಪೂರ್ಣವಾಗಿ ಹಿಡಿಯುವ ಹಟಕ್ಕೆ ಇನ್ನೊಂದು ನಿದರ್ಶನ ಲಿನಿಯಸ್ ಟ್ರೈಪ್. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದಲ್ಲಿ ಸಾಲಾಗಿ ಹರಿದಿರುವ ಶಾಸನವನ್ನು ಈತನು 1858ರಲ್ಲಿ ತುಂಡುತುಂಡಾಗಿ ತೆಗೆದು, 21 ಪ್ರತಿಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರವನ್ನಾಗಿ ಮಾಡಿದನು. ನಮ್ಮ ಫೋನುಗಳು ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುವುವು. ಆದರೂ ಒಂದು ಗೋಡೆಯನ್ನು ತುದಿಯಿಂದ ತುದಿಗೆ ತೆಗೆದು ತಂದವರು ನಮ್ಮಲ್ಲಿ ಎಷ್ಟು ಮಂದಿ?

ನಮ್ಮ ಮಿತ್ರಮಂಡಲಿಯಲ್ಲಿ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಚಿತ್ರಗಳನ್ನು ಹರಡಿಕೊಂಡು ಕುಳಿತುಕೊಳ್ಳುವ ವಾಡಿಕೆಯುಂಟು. ಒಮ್ಮೆ ಮಿತ್ರರೊಬ್ಬರು ಹಳ್ಳಿಯ ತೊಟ್ಟಿಮನೆಯೊಂದರ ಬಾಗಿಲುವಾಡದ ಚಿತ್ರ ತಂದಿದ್ದರು. ಕೆತ್ತನೆಯ ಮೇಲೆ ಬಿದ್ದ ಬೆಳಕನ್ನು ನಾವೆಲ್ಲರೂ ಕೊಂಡಾಡಿದೆವು. ಕೋಡುಬಳೆಯ ತಟ್ಟೆಯನ್ನು ಹಿಡಿದು ಬಂದ ಆ ಮನೆಯ ಹಿರಿಯ ತಾಯಿ ಕನ್ನಡಕ ಸರಿಮಾಡಿಕೊಂಡು ನೋಡಿ, “ಯಾವ ದಿಕ್ಕಿನ ಬಾಗಿಲಪ್ಪಾ ಇದು? ಜಗಲಿ ಎಲ್ಲಿ ಹೋಯಿತು?” ಎಂದು ಕೇಳಿದರು. “ಜಗಲಿಯ ಮೇಲೆ ಗೊಬ್ಬರದ ಚೀಲ ಪೇರಿಸಿದ್ದರಮ್ಮ, ನೋಟ ಕೆಡುತ್ತದೆಂದು ಬಿಟ್ಟುಬಿಟ್ಟೆ” ಎಂದರು ಮಿತ್ರರು. ಮರುವರ್ಷ ಅವರು ಅದೇ ಹಳ್ಳಿಗೆ ಹೋದಾಗ ಮನೆಯೇ ಇರಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಅಲ್ಲಿ ತಾರಸಿಯ ಮನೆಗಳನ್ನು ಕಟ್ಟಿಸಿಕೊಂಡಿದ್ದರು. ಬಾಗಿಲಿನ ಚಿತ್ರ ಇಂದಿಗೂ ಚೆಲುವಾಗಿಯೇ ಇದೆ. ಅದು ಯಾವ ಮನೆಯ ಬಾಗಿಲೆಂದು ತಿಳಿಯುವ ಬಗೆ ಅದರಲ್ಲಿಲ್ಲ. ನಾವು ಬೆಳಕನ್ನು ಕುರಿತು ಅರ್ಧ ಗಂಟೆ ಮಾತನಾಡಿದ್ದೆವು. ಆ ತಾಯಿಯ ಒಂದು ಪ್ರಶ್ನೆ ಅದಕ್ಕಿಂತ ತೂಕವಾದುದಾಗಿತ್ತು.

ಹಳ್ಳಿಯ ಮನೆಯೇ ಏಕೆ? ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಪ್ರಾಣಹಾನಿಯೂ ಆಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿದ್ದ ಕ್ರುಂಬಿಗಲ್ ಹಾಲು 2017ರಲ್ಲಿ ನೆಲಸಮವಾಯಿತು. ದಿನವೂ ಸಾವಿರ ಜನ ಓಡಾಡುವ ಜಾಗದ ಕಟ್ಟಡವೂ ಒಂದು ಮಳೆಗಾಲದಲ್ಲಿ ನೆನಪಾಗಿ ಹೋಗಬಹುದು.

ಆದಕಾರಣ ಸೊಬಗಿನ ಮಾತೇ ಬೇಡವೆಂದು ನಾವು ಹೇಳುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಪಶ್ಚಿಮದ ಗೋಡೆ ಬೆಳಗಿನ ಹೊತ್ತು ತನ್ನ ನೆರಳಿನಲ್ಲಿಯೇ ಇರುವುದು. ಮಧ್ಯಾಹ್ನ ಕಳೆದು ಬಿಸಿಲು ಓರೆಯಾಗಿ ತಾಕಿದಾಗ ತಳದ ಆನೆಗಳ ಸಾಲಿನಿಂದ ಮೇಲಿನ ದೇವತಾಮೂರ್ತಿಗಳವರೆಗೆ ಎಲ್ಲವೂ ಕಲ್ಲಿನಿಂದ ಎದ್ದು ಬಂದಂತೆ ತೋರುವುದು. ಹೋಗಿ ಬಂದವರು ಇದನ್ನು ಹೋಗಲಿರುವವರಿಗೆ ಹೇಳಿದರೆ ಅದು ನಿಜವಾದ ಉಪಕಾರ. ಹಾಗೆಯೇ ವಾಲುವ ಗೋಡೆಯ ಮಾತು. ಕ್ಯಾಮರಾವನ್ನು ಮೇಲಕ್ಕೆ ಎತ್ತಿ ಹಿಡಿದೊಡನೆ ಗೋಪುರದ ಎರಡು ಅಂಚುಗಳೂ ಒಳಕ್ಕೆ ಬಾಗುವುವು. ದೂರ ಸರಿದು, ಇಲ್ಲವೆ ಎದುರು ಮನೆಯ ಮಹಡಿಯನ್ನು ಹತ್ತಿ, ಕ್ಯಾಮರಾವನ್ನು ನೆಟ್ಟಗೆ ಹಿಡಿದರೆ ಈ ದೋಷ ತೊಲಗುವುದು. ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ನೇರ ಮಾಡಬಹುದು; ಆದರೆ ಹೆಚ್ಚು ಎಳೆದಲ್ಲಿ ಕಟ್ಟಡದ ಎತ್ತರ ಅಗಲಗಳ ಪ್ರಮಾಣವೇ ಸುಳ್ಳಾಗುವುದನ್ನು ಮರೆಯಬಾರದು. ವಿಜಯಪುರದ ಗೋಲಗುಮ್ಮಟದಂತಹ ಕಟ್ಟಡದ ಮುಂದೆ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಲೇಸು. ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿಯೆಂದು ಬಾಯಲ್ಲಿ ಹೇಳಿದರೆ ಅರ್ಥವಾಗದ್ದು ಅದರ ಬುಡದಲ್ಲಿ ಇರುವೆಯಂತೆ ನಿಂತ ಮನುಷ್ಯನನ್ನು ಕಂಡರೆ ಅರ್ಥವಾಗುವುದು. ತಮ್ಮ ಮನೆಯವರನ್ನೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಮುಖ ದೊಡ್ಡದಾಗಿ ಬರಲಿಲ್ಲವೆಂದು ಅವರು ಮುನಿದರೆ ಅದಕ್ಕೆ ನಾವು ಹೊಣೆಯಲ್ಲ.

ಇನ್ನು ಬೆನ್ನಿನ ಬರಹ. ಹಿಂದೆ ಪ್ರತಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ಕಟ್ಟಡ, ಎದುರಿನ ದಿಕ್ಕು, ದಿನಾಂಕ ಇಷ್ಟನ್ನು ಬರೆದಿಡುತ್ತಿದ್ದರು. ಈಗ ಕ್ಯಾಮರಾವೇ ದಿನವನ್ನೂ, ಫೋನಾದರೆ ಸ್ಥಳವನ್ನೂ, ಚಿತ್ರದೊಳಗೆ ಗುಪ್ತವಾಗಿ ಬರೆದಿಡುವುದೆಂದು ಎಲ್ಲರೂ ನೆಮ್ಮದಿಯಾಗಿದ್ದಾರೆ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಚಿತ್ರ ಕುಗ್ಗುವುದಲ್ಲದೆ ಆ ಗುಪ್ತ ಬರಹವೂ ಕಳಚಿಹೋಗುವುದು. ಅದನ್ನೇ ‘ಡಾಕ್ಯುಮೆಂಟ್’ ಎಂಬ ಬಗೆಯಲ್ಲಿ ಕಳುಹಿಸಿದರೆ ಎಲ್ಲವೂ ಉಳಿಯುವುದು. ಹೇಗೆ ಕಳುಹಿಸಿದರೂ ಜೊತೆಗೆ ಎರಡು ಸಾಲು ಕನ್ನಡದಲ್ಲಿ ಬರೆಯುವುದಕ್ಕೆ ಖರ್ಚೇನೂ ಇಲ್ಲವಲ್ಲ! ಸ್ಮಾರಕಗಳ ಚಿತ್ರಗಳಿಗಾಗಿ 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಆರಂಭವಾದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಎಂಬ ಸ್ಪರ್ಧೆಗೆ ಮರುವರ್ಷ ಯೂರೋಪಿನ ಹವ್ಯಾಸಿಗಳಿಂದ 1,68,000ಕ್ಕೂ ಹೆಚ್ಚು ಚಿತ್ರಗಳು ಬಂದವು. ಅಂತಹ ರಾಶಿಯಲ್ಲಿ ಬೇಕಾದ ಒಂದು ಚಿತ್ರ ಕೈಗೆ ಸಿಕ್ಕುವುದು ಅದರೊಡನೆ ಇರುವ ಹೆಸರಿನಿಂದಲೇ ಹೊರತು ಸೊಬಗಿನಿಂದಲ್ಲ.

ನಮ್ಮ ಮಂಡಲಿಯಲ್ಲಿ ಈಗ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಪ್ರತಿಯೊಬ್ಬರೂ ತಾವು ಮೆಚ್ಚಿದ ಚಿತ್ರದೊಡನೆ ಅದೇ ಕಟ್ಟಡದ ಸಾದಾ ಪೂರ್ಣನೋಟವೊಂದನ್ನು, ಗೊಬ್ಬರದ ಚೀಲ, ವಿದ್ಯುತ್ತಂತಿ, ನಿಲ್ಲಿಸಿದ ಸ್ಕೂಟರು ಎಲ್ಲವೂ ಇರುವಂತೆ, ತರತಕ್ಕದ್ದು. ಮೊದಲು ಅದರ ಮೇಲೆ ಮಾತು. ಅನಂತರ ಬೆಳಕು ನೆರಳುಗಳ ವಿಚಾರ. ಕೋಡುಬಳೆ ಮಾತ್ರ ಎರಡರ ನಡುವೆ.

ಹಳೆಯ ಆಲ್ಬಮ್ಮಿನಲ್ಲಿ ಅಂಟಿಕೊಂಡಿರುವ ಚಿತ್ರಗಳನ್ನು ಹರಿಯದಂತೆ ಬಿಡಿಸುವುದು ಹೇಗೆಂದು ಹಲವರು ಕೇಳಿರುವರು. ಆ ವಿಚಾರ ಮುಂದಿನ ತಿಂಗಳು.